‘ನೀಡ್‌ಫುಲ್’ ಸಾಹೇಬರಿಗೆ ಹಾಸಿನ ಓಣಿಯ ಬಿನ್ನವತ್ತಳೆ

ಗಜೇಂದ್ರಗಡ, ತಾಲೂಕು ರೋಣ
ಭಾದ್ರಪದ ಮಾಸ, ೧೯೫೭

ಎಲ್ಲ ಕಚೇರಿಗಳಲ್ಲಿಯೂ ಏಕಕಾಲಕ್ಕೆ ವಾಸವಾಗಿರುವ, ವರ್ಗದ ಭಯವಾಗಲಿ ಪಿಂಚಣಿಯ ಚಿಂತೆಯಾಗಲಿ ಇಲ್ಲದ ಶ್ರೀಮಾನ್ ‘ಡೂ ದಿ ನೀಡ್‌ಫುಲ್’ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ,

ಗಜೇಂದ್ರಗಡದ ಹಾಸಿನ ಓಣಿಯ ಸಮಸ್ತ ನೇಕಾರರ ಪರವಾಗಿ, ಅದೇ ಓಣಿಯ ನೇಕಾರ ಹನಮಂತಪ್ಪನು ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು. ತಾವು ಇಂಗ್ಲಿಷಿನ ಒಂದು ಮಾತೇ ಹೊರತು ಮನುಷ್ಯರಲ್ಲವೆಂದೂ, ಮಾತಿಗೆ ಪತ್ರ ಬರೆಯುವವನನ್ನು ಊರಲ್ಲಿ ಏನೆಂದು ಕರೆಯುತ್ತಾರೆ ಗೊತ್ತೇ ಎಂದೂ ನನ್ನ ಹೆಂಡತಿ ಸುಶೀಲವ್ವ ಕೇಳಿದಳು. ನಾವು ಮನುಷ್ಯರಿಗೆ ಬರೆದುಕೊಂಡ ಅರ್ಜಿಗಳಿಗೆಲ್ಲ ಉತ್ತರವಾಗಿ ಬಂದವರು ತಾವೇ ಆದ್ದರಿಂದ, ನಡುವಿನ ಸಾಹೇಬರಿಗೆ ತೊಂದರೆ ಕೊಡದೆ ನೇರವಾಗಿ ತಮ್ಮ ಪಾದಕ್ಕೇ ಬೀಳುವುದು ಮರ್ಯಾದೆಯೆಂದು ಅವಳಿಗೆ ತಿಳಿಸಿ ಹೇಳಿ ಈ ಪತ್ರಕ್ಕೆ ಕೂತಿದ್ದೇನೆ. ಯಾವ ಕಚೇರಿಯ ಹೆಸರನ್ನೂ ಇದರಲ್ಲಿ ಎತ್ತುವುದಿಲ್ಲ. ತಾವು ಇಲ್ಲದ ಕಚೇರಿ ಒಂದಾದರೂ ಇದ್ದಿದ್ದರೆ, ಹೆಸರು ಹೇಳಿ ಬೇರೆ ಮಾಡುವ ಪ್ರಶ್ನೆ ಬರುತ್ತಿತ್ತು.

ಮೊದಲು ತಮ್ಮ ಸ್ತುತಿ. ಹೋದ ವರ್ಷ ದೀಪಾವಳಿಯ ಹೊತ್ತಿಗೆ ನಾವೆಲ್ಲ ಮುಂಬಯಿ ರಾಜ್ಯದಲ್ಲಿ ಮಲಗಿ ಮೈಸೂರು ರಾಜ್ಯದಲ್ಲಿ ಎದ್ದೆವು. ಗಾದಿಯ ಮೇಲಿನ ಸಾಹೇಬರು ಬದಲಾದರು, ಬಾಗಿಲ ಮೇಲಿನ ಬೋರ್ಡು ಬದಲಾಯಿತು, ಮರಾಠಿಯಲ್ಲಿ ಗದರಿಸುತ್ತಿದ್ದ ಕಾರಕೂನರು ಹೋಗಿ ನಮ್ಮದೇ ಭಾಷೆಯಲ್ಲಿ ಗದರಿಸುವ ಕಾರಕೂನರು ಬಂದರು, ಅದಕ್ಕಾಗಿ ನಾವು ಓಣಿಯ ಬಾಯಿಗೆ ತೋರಣ ಕಟ್ಟಿ ಬೆಲ್ಲ ಹಂಚಿದ್ದೂ ಉಂಟು. ಇಷ್ಟೆಲ್ಲ ಬದಲಾದರೂ ತಾವು ಮಾತ್ರ ಕುಳಿತ ಕುರ್ಚಿಯಿಂದ ಅಲುಗಲಿಲ್ಲ. ದೊರೆಗಳ ಕಾಲದಲ್ಲಿ ಎಷ್ಟು ಕೆಲಸ ಮಾಡುತ್ತಿದ್ದಿರೋ ಸ್ವರಾಜ್ಯದಲ್ಲಿಯೂ ಅಷ್ಟನ್ನೇ, ಒಂದು ಗುಲಗಂಜಿಯೂ ಹೆಚ್ಚಿಲ್ಲದಂತೆ, ಮಾಡಿಕೊಂಡು ಬಂದಿದ್ದೀರಿ. ಇಂಥ ನಿಷ್ಠೆಯನ್ನು ನಾವು ಬೇರೆ ಯಾವ ಅಧಿಕಾರಿಯಲ್ಲಿಯೂ ಕಂಡಿಲ್ಲ.

ಇನ್ನು ತಮ್ಮ ಮತ್ತು ನಮ್ಮ ಪರಿಚಯವಾದ ಬಗೆ. ತಮಗೆ ನೇಕಾರಿಕೆ ತಿಳಿದಿರಲಾರದಾದ್ದರಿಂದ ಒಂದು ಮಾತು ಬಿಡಿಸಿ ಹೇಳಬೇಕು. ಸೀರೆಯ ಉದ್ದಕ್ಕೂ ಓಡುವ ಎಳೆಗಳಿಗೆ ಹಾಸು ಎನ್ನುತ್ತಾರೆ. ಮಗ್ಗಕ್ಕೆ ಏರಿಸುವ ಮೊದಲು ಈ ಹಾಸನ್ನು ಓಣಿಯ ಈ ತುದಿಯಿಂದ ಆ ತುದಿಯವರೆಗೆ ಬಿದಿರಿನ ಕಾಲುಗಳ ಮೇಲೆ ಬಿಗಿದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತೀಡಿ ಒಣಗಿಸಬೇಕು. ಮನೆಯೊಳಗೆ ಅಷ್ಟು ಉದ್ದ ಜಾಗ ಯಾರಲ್ಲಿಯೂ ಇಲ್ಲ, ಹೀಗಾಗಿ ಓಣಿಯೇ ನಮ್ಮ ಕಾರಖಾನೆ. ಈ ಕಾರಖಾನೆಯ ನಟ್ಟನಡುವೆ ಹೋದ ವರ್ಷದ ಬೇಸಿಗೆಯಲ್ಲಿ ಸರಕಾರದ ಲಾರಿಗಳು ಬಂದು, ರಸ್ತೆ ಮಾಡುತ್ತೇವೆಂದು ಹೇಳಿ, ಜಲ್ಲಿಕಲ್ಲಿನ ದೊಡ್ಡ ರಾಶಿಗಳನ್ನು ಸುರಿದು ಹೋದವು. ಈ ಕಲ್ಲಿಗೆ ನಮ್ಮ ಕಡೆ ಖಡಿ ಎನ್ನುತ್ತಾರೆ. ನಮ್ಮೂರಿಗೆ ಗುಡ್ಡದ ಕೊರತೆಯೇನೂ ಇರಲಿಲ್ಲ. ಮೇಲೆ ಕೋಟೆ ಇರುವ ಗುಡ್ಡ ಊರ ನೆತ್ತಿಯ ಮೇಲೆಯೇ ಇದೆ. ಆದರೂ ಕೊಟ್ಟ ಗುಡ್ಡವನ್ನು ಬೇಡವೆನ್ನಬಾರದೆಂದು ಸುಮ್ಮನೆ ಕಾದೆವು.

ಲಾರಿಗಳು ಮರಳಿ ಬರಲಿಲ್ಲ. ಮುಂಬಯಿಯ ಫಾಯಿಲು ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಎಲ್ಲಿ ಇಳಿದು ಚಹಾ ಕುಡಿಯುತ್ತ ಕುಳಿತಿತೋ ನಮಗೆ ತಿಳಿಯದು. ಹಾಸು ಕಟ್ಟಲು ಓಣಿ ಇಲ್ಲದೆ ನಮ್ಮ ಹೆಂಗಸರು ನಸುಕಿನಲ್ಲಿ ಎದ್ದು ಊರ ಹೊರಗಿನ ಬಯಲಿಗೆ ಬಿದಿರು ಹೊತ್ತರು, ಬಯಲಿನ ಗಾಳಿಗೆ ಎಳೆಗಳು ಹರಿದವು, ಹರಿದ ಎಳೆಗಳನ್ನು ಗಂಟು ಹಾಕುವುದರಲ್ಲಿ ನೇಯುವ ಹೊತ್ತು ಕಳೆಯಿತು. ಆಗ ‘ರಸ್ತೆಯನ್ನಾದರೂ ಮಾಡಿರಿ, ಇಲ್ಲವೇ ಖಡಿಯನ್ನಾದರೂ ಒಯ್ಯಿರಿ’ ಎಂದು ಓಣಿಯವರೆಲ್ಲ ಹೆಬ್ಬೆಟ್ಟು ಒತ್ತಿದ ಅರ್ಜಿಯನ್ನು ನಾನು ಬರೆದೆ. ನಾನು ನರೇಗಲ್ಲಿನಲ್ಲಿ ಓದಿ, ಮ್ಯಾಟ್ರಿಕ್ ಪರೀಕ್ಷೆಯ ಇಂಗ್ಲಿಷಿನಲ್ಲಿ ಮೇಲಿಂದ ಮೇಲೆ ನಪಾಸಾಗಿ, ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ಓಣಿಯ ಇಂಗ್ಲಿಷ್ ಪಂಡಿತನಾಗಿರುವವನು.

ಅರ್ಜಿಗೆ ಉತ್ತರ ಬರಲು ಯುಗಾದಿ ಕಳೆಯಿತು. ಬಂದದ್ದು ಬೇರೆ ಕಾಗದವಲ್ಲ, ನಮ್ಮ ಅರ್ಜಿಯೇ. ಅದರ ತಲೆಯ ಮೇಲೆ ಎಲ್ಲರಿಗೂ ಮೇಲಿನ ಸಾಹೇಬರು ಕೆಂಪು ಮಸಿಯಲ್ಲಿ ‘ಡೂ ದಿ ನೀಡ್‌ಫುಲ್’ ಎಂದು ತಮ್ಮ ಹೆಸರನ್ನು ಬರೆದು ಕೆಳಗಿನವರಿಗೆ ಕಳಿಸಿದ್ದರು. ಕೆಳಗಿನವರು ಅದರ ಕೆಳಗೆ ನೀಲಿ ಮಸಿಯಲ್ಲಿ ತಮ್ಮ ಹೆಸರನ್ನೇ ಬರೆದು ಅವರ ಕೆಳಗಿನವರಿಗೆ ಕಳಿಸಿದ್ದರು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ತಾವು ಇಳಿದು ಇಳಿದು ಊರ ಲೆಕ್ಕ ಬರೆಯುವ ತಲಾಠಿಯವರ ತನಕ ಬಂದಿರಿ. ತಲಾಠಿಯವರು ತಮ್ಮ ಕೆಳಗೆ ಯಾರಿದ್ದಾರೆಂದು ಎಡಬಲ ನೋಡಿ, ಯಾರೂ ಕಾಣದೆ, ‘ಅರ್ಜಿದಾರರಿಗೆ’ ಎಂದು ಬರೆದು, ಅದರ ಮುಂದೆ ಮತ್ತೊಮ್ಮೆ ತಮ್ಮನ್ನೇ ಕೂರಿಸಿ ನಮ್ಮ ಕೈಗಿತ್ತರು.

ಮಾನ್ಯರೇ, ಇಲ್ಲಿ ನಮ್ಮಿಂದ ಒಂದು ತಪ್ಪಾಯಿತು. ತಮ್ಮನ್ನು ಮೇಲಿನಿಂದ ಕೆಳಗಿನವರೆಗೆ ಓದಿದ ಅಷ್ಟು ಜನರಲ್ಲಿ ಯಾರೂ ಮಾಡದ ತಪ್ಪು ಅದು. ನಾವು ತಮ್ಮ ಅರ್ಥವನ್ನು ಹುಡುಕಿದೆವು. ನಾನು ನರೇಗಲ್ಲಿನ ಮಾಸ್ತರರೊಬ್ಬರಿಂದ ಶಬ್ದಕೋಶ ಎರವಲು ತಂದು, ವೀರವ್ವನ ಮನೆಯ ಕಟ್ಟೆಯ ಮೇಲೆ ಕುಳಿತು, ಓಣಿಯವರೆಲ್ಲ ಕೇಳುವಂತೆ ತಮ್ಮನ್ನು ಕನ್ನಡಕ್ಕೆ ತಿರುಗಿಸಿದೆ: ಯಾವುದು ಅವಶ್ಯವೋ ಅದನ್ನು ಮಾಡಿರಿ. ವೀರವ್ವ ನಮ್ಮ ಓಣಿಯ ಹಿರಿಯಳು, ಎಲ್ಲರ ಹಾಸಿಗೂ ಗಂಜಿ ಹಚ್ಚುವವಳು. ಅವಳು ಸೆರಗಿಗೆ ಕೈ ಒರಸಿಕೊಂಡು, “ಸರಕಾರ ಇಷ್ಟ ದಿನಕ್ಕ ಒಂದ ಶ್ಯಾಣ್ಯಾ ಮಾತ ಆಡೈತಿ ನೋಡ್ರಿ. ಅವಶ್ಯ ಏನಂತ ನಮಗ ಬಿಟ್ರ ಮತ್ಯಾರಿಗೆ ಗೊತ್ತು? ನಾವ ರಸ್ತಾ ಮಾಡೂಣು” ಎಂದಳು.

ಒಬ್ಬನಿಗೆ ಮಾತ್ರ ಅನುಮಾನವಿತ್ತು. ಆತ ಓಣಿಯ ಕೊನೆಯ ಮನೆಯ ಗೌಂಡಿ ಗೌಸುಸಾಬ, ಕಲ್ಲು ಕಟ್ಟುವ ಕೆಲಸದವನು, ಒಂದು ಬಂಡಿ ಮತ್ತು ಒಂದು ಜೊತೆ ಎತ್ತು ಇರುವವನು. “ಹನಮಂತಪ್ಪಣ್ಣಾ, ಸರಕಾರದ ಖಡಿ ಮುಟ್ಟಾಕ ನನಗ ಅಂಜಿಕಿ ಬರತೈತಿ. ಕಾಗದದಾಗ ಖರೇನ ಹಂಗ ಐತೇನು, ಇನ್ನೊಮ್ಮೆ ಓದ್ರಿ” ಎಂದ. ನಾನು ಇನ್ನೊಮ್ಮೆ ಓದಿದೆ. ತಾವು ಹಾಗೆಯೇ ಇದ್ದಿರಿ, ಕೆಂಪು ಮಸಿಯಲ್ಲಿಯೂ ಹಾಗೆಯೇ, ನೀಲಿ ಮಸಿಯಲ್ಲಿಯೂ ಹಾಗೆಯೇ. ಅಷ್ಟು ಜನ ದೊಡ್ಡವರು ಒಂದೇ ಮಾತನ್ನು ಒಬ್ಬರ ಕೆಳಗೊಬ್ಬರು ಬರೆದಿರುವಾಗ ಅದು ಸುಳ್ಳಿರಲಾರದೆಂದು ಗೌಸುಸಾಬ ಒಪ್ಪಿಕೊಂಡ.

ಸರಕಾರದ ಹುಕುಮಾದ್ದರಿಂದ ಡಂಗುರ ಸಾರಿಸಿ, ಮಣ್ಣೆತ್ತಿನ ಅಮವಾಸ್ಯೆಯ ದಿನ ಕೆಲಸಕ್ಕೆ ನಿಂತೆವು. ಅಮವಾಸ್ಯೆಗೆ ನಮ್ಮಲ್ಲಿ ಮಗ್ಗ ನಡೆಸುವುದಿಲ್ಲ, ಹೀಗಾಗಿ ಗಂಡಸರು ಹೆಂಗಸರೆನ್ನದೆ ಎಲ್ಲರ ಕೈಯೂ ಖಾಲಿ. ಖಡಿ ಹರವಿದೆವು, ಮೇಲೆ ಕೆಂಪು ಗರಸು ಮಣ್ಣು ಹೊಡೆದೆವು, ನೀರು ಹೊತ್ತು ಸುರಿದೆವು. ಗಟ್ಟಿ ಮಾಡಲು ರಾಜೂರಿನ ಒಬ್ಬ ರೈತನ ಕಣದಿಂದ ದೊಡ್ಡ ಉರುಳುಗಲ್ಲನ್ನೂ ತಂದೆವು. ಆದರೆ ಅದನ್ನು ಎಳೆಯಲು ಎತ್ತುಗಳೇ ಇಲ್ಲ. ಅಮವಾಸ್ಯೆಯ ದಿನ, ಅದರಲ್ಲಿಯೂ ಮಣ್ಣಿನ ಎತ್ತುಗಳನ್ನು ಮಾಡಿ ಜಗುಲಿಯ ಮೇಲಿಟ್ಟು ಪೂಜಿಸುವ ದಿನ, ನಮ್ಮ ಒಕ್ಕಲಿಗರು ಯಾರೂ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಗೌಸುಸಾಬನಿಗೆ ಆ ಕಟ್ಟಳೆ ಇರಲಿಲ್ಲ. “ನಮ್ಮವು ಅದಾವಲ್ಲ, ತರತೀನಿ” ಎಂದು ಹೋಗಿ ತನ್ನ ಜೊತೆಯನ್ನು ಹೊಡೆದುಕೊಂಡು ಬಂದ. ಆ ಎರಡು ಎತ್ತುಗಳು ಇಡೀ ದಿನ ಉರುಳುಗಲ್ಲು ಎಳೆದವು, ಸಂಜೆ ಹೆಂಗಸರು ಅವುಗಳಿಗೂ ಹೋಳಿಗೆ ತಿನ್ನಿಸಿ ಹಣೆಗೆ ಭಂಡಾರ ಹಚ್ಚಿದರು.

ತಮ್ಮ ಅಪ್ಪಣೆಯಿಂದ ಆದ ಆ ರಸ್ತೆಯ ಮೇಲೆ ಮಳೆಗಾಲದಲ್ಲಿಯೂ ಒಂದು ಹನಿ ನೀರು ನಿಂತಿಲ್ಲ. ಅಂಗೈ ಹಾಗೆ ಇದೆ. ಹಾಸು ಮರಳಿ ಓಣಿಗೆ ಬಂತು, ಬಯಲಿಗೆ ಬಿದಿರು ಹೊರುವುದು ತಪ್ಪಿತು. ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಹೇಳಿದ್ದನ್ನು ನಂಬಿಕೊಂಡು ನಾವು ಮೊಸರಿನ ದಾರಿ ಕಾಯುತ್ತಿದ್ದಾಗ, ಮೊಸರಿನ ಬದಲು ಸಿಪಾಯಿಗಳು ಬಂದರು. ಸರಕಾರದ ಖಡಿಯನ್ನು ಅಪ್ಪಣೆಯಿಲ್ಲದೆ ಅಪಹರಿಸಿದ್ದಾರೆಂದು ಫಿರ್ಯಾದಿಯಾಗಿತ್ತು. ಖಡಿಯನ್ನು ಮೊದಲು ಇದ್ದ ಜಾಗದಲ್ಲಿ ಮೊದಲು ಇದ್ದಂತೆ ರಾಶಿ ಹಾಕಿ ಒಪ್ಪಿಸತಕ್ಕದ್ದೆಂದು ನೋಟೀಸೂ ಇತ್ತು. ಕಳ್ಳರು ಕದ್ದ ಮಾಲನ್ನು ಹಿತ್ತಲಲ್ಲಿ ಹೂಳುತ್ತಾರೆ, ನಾವು ಹಾಡುಹಗಲೇ ಡಂಗುರ ಹೊಡೆಸಿ ಓಣಿಯುದ್ದಕ್ಕೂ ಹಾಸಿ, ಅದರ ಮೇಲೆ ಸಿಪಾಯಿಗಳನ್ನೂ ನಡೆಸಿದ್ದೆವು.

ನಾನು ತಮ್ಮ ರುಜುಗಳಿದ್ದ ಕಾಗದವನ್ನು ತೋರಿಸಿದೆ. ಕಚೇರಿಯ ಹಿರಿಯ ಕಾರಕೂನರು ಅದನ್ನು ನೋಡಿ ನಕ್ಕು, “ಹುಚ್ಚಪ್ಪಾ, ಇದು ಬರಿಯಾಕ ಇರೂ ಮಾತು, ಮಾಡಾಕ ಅಲ್ಲ” ಎಂದರು. ಮ್ಯಾಟ್ರಿಕ್ಕಿಗೆ ನಾನು ಓದಿದ ವ್ಯಾಕರಣದಲ್ಲಿ ಈ ಸೂತ್ರ ಇರಲಿಲ್ಲ. ಇದ್ದಿದ್ದರೆ ನಾನು ಎಂದೋ ಪಾಸಾಗಿ, ಇಷ್ಟು ಹೊತ್ತಿಗೆ ಅವರದೇ ಪಕ್ಕದ ಕುರ್ಚಿಯಲ್ಲಿ ಕುಳಿತಿರುತ್ತಿದ್ದೆ.

ಅಪರಾಧ ಇಡೀ ಓಣಿಯದಾದರೂ, ಇಡೀ ಓಣಿಯನ್ನು ಕಟ್ಟಿಹಾಕಲು ಹಗ್ಗ ಸಾಲದೆಂದೋ ಏನೋ, ಆ ದಿನ ಉರುಳುಗಲ್ಲು ಎಳೆದ ಎತ್ತುಗಳನ್ನು ಮಾತ್ರ ಮುದ್ದೇಮಾಲು, ಅಂದರೆ ಅಪರಾಧದ ಸಾಕ್ಷಿಯ ಮಾಲು, ಎಂದು ಜಪ್ತಿ ಮಾಡಿ ಓಣಿಯ ಹಿಂದಿನ ಕೊಂಡವಾಡದಲ್ಲಿ ಕೂಡಿಹಾಕಿದರು. ಗೌಸುಸಾಬನು ಒಂದನೇ ಆರೋಪಿಯಾದ. ನಾವೆಲ್ಲ ಹೋಗಿ ನಮ್ಮ ಹೆಸರನ್ನೂ ಬರೆದುಕೊಳ್ಳಿರೆಂದು ಕೇಳಿಕೊಂಡೆವು. ಜಪ್ತಿ ಮಾಡಲು ನಿಮ್ಮಲ್ಲಿ ಏನಿದೆ ಎಂದು ಕೇಳಿದರು. ಮಗ್ಗ ನೆಲದಲ್ಲಿ ಹೂತಿರುವುದರಿಂದ ಅದನ್ನು ಹೊಡೆದುಕೊಂಡು ಹೋಗಲು ಬರುವುದಿಲ್ಲವಂತೆ.

ಈಗ ತಮ್ಮ ಎರಡನೆಯ ಪ್ರತಾಪ. ಕೊಂಡವಾಡ ನೋಡಿಕೊಳ್ಳುವ ಫಕ್ಕೀರಪ್ಪ ಕೆಟ್ಟವನಲ್ಲ. ಪೈರು ಮೇಯ್ದ ತುಡುಗು ದನಗಳು ಒಂದೆರಡು ದಿನ ಇದ್ದು ಹೋಗುವ ಜಾಗದಲ್ಲಿ, ಯಾರದೂ ಒಂದು ಹುಲ್ಲುಕಡ್ಡಿ ತಿನ್ನದ ಎತ್ತುಗಳು ತಿಂಗಳುಗಟ್ಟಲೆ ನಿಲ್ಲಬೇಕಾದ್ದರಿಂದ, ಇವಕ್ಕೆ ಮೇವು ಯಾರು ಕೊಡಬೇಕೆಂದು ಅವನು ಮೇಲಕ್ಕೆ ಬರೆದು ಕೇಳಿದ. ಮೇಲಿನಿಂದ ತಾವು ಬಂದಿರಿ. ತಮ್ಮ ಮಾತನ್ನು ನಂಬಿದವನ ಎತ್ತುಗಳೇ ಕಣ್ಣೆದುರು ಕಟ್ಟಿರುವಾಗ ತಮ್ಮ ಮಾತನ್ನು ನಂಬುವ ಧೈರ್ಯ ಫಕ್ಕೀರಪ್ಪನಿಗೆ ಎಲ್ಲಿಂದ ಬರಬೇಕು. ಅವನು ಮೇವು ಹಾಕಲಿಲ್ಲ. ಸಾಕ್ಷಿಯ ಮಾಲನ್ನು ಆರೋಪಿ ಮುಟ್ಟಬಾರದೆಂದು ಗೌಸುಸಾಬನನ್ನು ಒಳಗೆ ಬಿಡಲಿಲ್ಲ. ಗೌಸುಸಾಬನ ಹೆಂಡತಿ ಮುಮತಾಜಬಿ ದಿನಾಲು ಗೋಡೆಯ ಹೊರಗಿನಿಂದ ಜೋಳದ ಕಣಿಕೆಯನ್ನು ಒಳಗೆ ಒಗೆಯುವಾಗ ಅವನು ಬೆನ್ನು ತಿರುಗಿಸಿ ನಿಲ್ಲುತ್ತಿದ್ದ, ಅವನಿಂದ ಆದದ್ದು ಅಷ್ಟೇ. ಎತ್ತಿಲ್ಲದ ಗೌಂಡಿಗೆ ಕಲ್ಲು ಹೇರುವ ಕೆಲಸ ಸಿಗದೆ, ಮುಮತಾಜಬಿಯ ಕೈಯ ಕಣಿಕೆಯೂ ದಿನದಿಂದ ದಿನಕ್ಕೆ ತೆಳುವಾಯಿತು. ಮೇಲೆ ಸೂರಿಲ್ಲದ ಕೊಂಡವಾಡದಲ್ಲಿ ಶ್ರಾವಣದ ಜಿನುಗು ಮಳೆ ಎತ್ತುಗಳ ಬೆನ್ನ ಮೇಲೆಯೇ ಬಿತ್ತು.

ನಾವು ಇದಕ್ಕೂ ಒಂದು ಅರ್ಜಿ ಕೊಟ್ಟೆವು. ಸಾಕ್ಷಿಗೆ ಎತ್ತೇ ಬೇಕೆಂದಿದ್ದರೆ ಅದೇ ಅಮವಾಸ್ಯೆಯಂದು ಪೂಜಿಸಿದ ಮಣ್ಣೆತ್ತುಗಳನ್ನು ಕೊಡುತ್ತೇವೆ, ಅವೂ ಜೊತೆ ಇವೆ, ಅವುಗಳಿಗೆ ಮೇವು ಬೇಡ, ಮಂಜೂರಾತಿಯೂ ಬೇಡ, ಮೇಜಿನ ಮೇಲೆಯೇ ಇಟ್ಟುಕೊಳ್ಳಬಹುದು ಎಂದು ಬರೆದಿದ್ದೆವು. ಅದಕ್ಕೂ ತಾವೇ ಬಂದಿರಿ.

ಇಷ್ಟರಲ್ಲಿ ತಮ್ಮ ನಿಜವಾದ ಅರ್ಥವನ್ನು ನಮ್ಮ ಓಣಿ ಕಲಿತುಬಿಟ್ಟಿತ್ತು. ಕಲಿತದ್ದನ್ನು ಬಳಸುವುದರಲ್ಲಿ ನಾವು ಯಾರಿಗೂ ಕಡಿಮೆಯಲ್ಲ. ಮಾಳಿಗೆ ಸೋರುತ್ತಿದೆ, ಮೇಲೆ ಹತ್ತಿ ಮಣ್ಣು ಹಾಕಿರೆಂದು ಸುಶೀಲವ್ವ ಹೇಳಿದಾಗ ನಾನು ಗಂಭೀರವಾಗಿ ತಮ್ಮ ಹೆಸರನ್ನು ಉಚ್ಚರಿಸಿ ಮಗ್ಗುಲು ಬದಲಿಸಿದೆ. ಮರುದಿನ ಊಟಕ್ಕೆ ಕುಳಿತು ರೊಟ್ಟಿ ಕೇಳಿದಾಗ ಅವಳೂ ಒಲೆಯ ಮುಂದಿನಿಂದ ತಮ್ಮ ಹೆಸರನ್ನೇ ಹೇಳಿದಳು, ನಾನು ಅಂಗಿ ತೆಗೆದಿಟ್ಟು ಮಾಳಿಗೆ ಹತ್ತಿದೆ. ನರಗುಂದದಲ್ಲಿರುವ ನಮ್ಮ ಮಾವನ ಮಗ ಅಂದಪ್ಪನಿಗೆ, ನಮ್ಮ ಮಗಳಿಗೊಂದು ವರ ನೋಡಪ್ಪಾ ಎಂದು ಹೇಳಿ ಕಳಿಸಿದೆ. ಅವನು ಈ ಮೊದಲೇ ನಮ್ಮಲ್ಲಿಗೆ ಬಂದಾಗ ತಮ್ಮನ್ನು ಕಲಿತು ಹೋಗಿದ್ದನಾದ್ದರಿಂದ, “ನೀಡ್‌ಫುಲ್ ಮಾಡ್ತೀನಿ ಅಂತ ಹೇಳ್ರಿ” ಎಂದು ಉತ್ತರ ಕಳಿಸಿದ. ನಾನು ಆ ದಿನವೇ ಬೇರೆಯವರ ಕಡೆಯಿಂದ ವರ ಹುಡುಕಿಸತೊಡಗಿದೆ. ಮೊದಲು ಸುಳ್ಳು ಹೇಳಬೇಕಾದರೆ ಒಂದಿಷ್ಟು ತಡವರಿಸಬೇಕಾಗುತ್ತಿತ್ತು, ತಾವು ಬಂದ ಮೇಲೆ ಸುಳ್ಳೂ ಹೇಳಬೇಕಿಲ್ಲ, ಕೆಲಸವೂ ಮಾಡಬೇಕಿಲ್ಲ.

ಹೋದ ವಾರ ಬಹಳ ದೊಡ್ಡ ಸಾಹೇಬರೊಬ್ಬರು ನಮ್ಮ ಓಣಿಗೆ ಬಂದರು. ಬಂದದ್ದು ಏಕೆಂದರೆ, ನಾವು ಕದ್ದ ಖಡಿಯಿಂದ ಆದ ರಸ್ತೆಯನ್ನು, ನಮ್ಮ ಮೇಲೆ ಫಿರ್ಯಾದಿ ಮಾಡಿದ ಅದೇ ಕಚೇರಿಯು ಈ ಸಾಲಿನಲ್ಲಿ ತಾನು ಮುಗಿಸಿದ ರಸ್ತೆಯೆಂದು ಮೇಲಕ್ಕೆ ಬರೆದಿತ್ತು. ಕಳವಿನ ಫಾಯಿಲು ಒಂದು ಮೇಜಿನ ಮೇಲೆ, ಸಾಧನೆಯ ಫಾಯಿಲು ಪಕ್ಕದ ಮೇಜಿನ ಮೇಲೆ. ಎರಡೂ ಒಂದೇ ಖಡಿ ತಿಂದು ಬೆಳೆದ ಅಣ್ಣತಮ್ಮಂದಿರು.

ಸಾಹೇಬರ ಜೀಪು ಓಣಿಯ ಬಾಯಿಗೆ ಬಂದು ನಿಂತಿತು, ಒಳಗೆ ಬರಲು ಜಾಗವಿರಲಿಲ್ಲ. ಮಳೆ ಬಿಟ್ಟು ಬಿಸಿಲು ಬಿದ್ದಿದ್ದರಿಂದ ಓಣಿಯುದ್ದಕ್ಕೂ ಹಾಸು ಕಟ್ಟಿ ಆಗತಾನೆ ಗಂಜಿ ಹಚ್ಚಿದ್ದರು. ಹಿರಿಯ ಕಾರಕೂನರು ಓಡಿಬಂದು ಎತ್ತಿರಿ ಎಂದರು. ವೀರವ್ವ ಕುಂಚವನ್ನು ಕೆಳಗಿಡದೆ, “ಹಾಸು ಹಸಿ ಐತ್ರಿ. ಒಣಗೂತನಕ ದೇವರು ಬಂದ್ರೂ ಎತ್ತಾಕ ಬರೂದಿಲ್ಲ, ಎಳಿ ಎಲ್ಲಾ ಅಂಟಕೋತಾವು. ಸಾಹೇಬ್ರು ನಡಕೋತ ಬರ್ಲಿ” ಎಂದಳು. ಸಾಹೇಬರು ಸಭ್ಯರು, ಇಳಿದು ನಡೆದರು. ರಸ್ತೆಯನ್ನು ಬೂಟಿನಿಂದ ಒತ್ತಿ ನೋಡಿ ಚೆನ್ನಾಗಿದೆ ಎಂದರು. ವೀರವ್ವ ಕೂಡಲೇ, “ಇದನ್ನ ಮಾಡಿದ ಎತ್ತುಗಳ್ನೂ ನೋಡಿ ಹೋಗ್ರಿ, ಇಲ್ಲೇ ಅದಾವು” ಎಂದು ಕೊಂಡವಾಡದ ದಾರಿ ತೋರಿಸಿದಳು.

ಒಳಗೆ ಒಂದು ಎತ್ತು ಗೋಡೆಗೆ ಆತು ನಿಂತಿತ್ತು, ಇನ್ನೊಂದು ಮಲಗಿತ್ತು. ಮಲಗಿದ್ದು ಏಳುವ ಸ್ಥಿತಿಯಲ್ಲಿರಲಿಲ್ಲ. ಗೋಡೆಯ ಹೊರಗೆ ಮುಮತಾಜಬಿ ಖಾಲಿ ಬುಟ್ಟಿ ಹಿಡಿದು ನಿಂತಿದ್ದಳು. ಸಾಹೇಬರು ತಲೆಯ ಮೇಲಿನ ಟೊಪ್ಪಿಗೆಯನ್ನು ತೆಗೆದರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಹತ್ತಿರದಿಂದ ಕಂಡೆ, ಇದರಲ್ಲಿ ಅಣಕವಿಲ್ಲ. ನಮ್ಮೆಲ್ಲರ ಎದೆ ಒಮ್ಮೆಲೇ ಹಗುರವಾಯಿತು. ಅವರು ಹಿರಿಯ ಕಾರಕೂನರ ಕಡೆಗೆ ತಿರುಗಿ, ಬಹಳ ದುಃಖದಿಂದ, ಎಲ್ಲರಿಗೂ ಕೇಳುವಂತೆ, ‘ಡೂ ದಿ ನೀಡ್‌ಫುಲ್’ ಎಂದು ತಮ್ಮ ಹೆಸರನ್ನೇ ಹೇಳಿದರು. ಹೇಳಿ ಜೀಪಿನ ಕಡೆಗೆ ನಡೆದರು.

ಹಿರಿಯ ಕಾರಕೂನರು ಕಿರಿಯ ಕಾರಕೂನರ ಕಡೆ ನೋಡಿ ಅದನ್ನೇ ಹೇ‌ಳಿದರು. ಕಿರಿಯ ಕಾರಕೂನರು ಫಕ್ಕೀರಪ್ಪನಿಗೆ ಹೇಳಿದರು. ಫಕ್ಕೀರಪ್ಪ ತನ್ನ ಕೆಳಗೆ ಯಾರಿದ್ದಾರೆಂದು ನೋಡಿದ, ಎತ್ತುಗಳ ಹೊರತು ಯಾರೂ ಇರಲಿಲ್ಲ.

ಆಗ ಮುಮತಾಜಬಿ ಬುಟ್ಟಿಯನ್ನು ನೆಲಕ್ಕಿಟ್ಟು ಬಾಗಿಲೊಳಗೆ ನಡೆದಳು. ಫಕ್ಕೀರಪ್ಪ ಅಡ್ಡ ನಿಂತು, “ಬೇ ಯವ್ವಾ, ಯಾರು ಹೇಳ್ಯಾರ ನಿನಗ?” ಎಂದು ಕೇಳಿದ. “ಸಾಹೇಬ್ರ ಹೇಳ್ಯಾರ. ನೀನೂ ಕೇಳೀದಿ, ಊರೂ ಕೇಳೈತಿ. ಮಾಡೂದು ಮಾಡ್ರಿ ಅಂದ್ರು. ಯಾರೂ ಮಾಡ್ಲಿಲ್ಲ, ನಾ ಮಾಡ್ತೀನಿ” ಎಂದು ಹೇಳಿ ಅವಳು ನಿಂತ ಎತ್ತಿನ ಹಗ್ಗ ಬಿಚ್ಚಿದಳು. ಮಲಗಿದ್ದನ್ನು ಎಬ್ಬಿಸಲು ಅವಳೊಬ್ಬಳಿಂದ ಆಗಲಿಲ್ಲ. ಓಣಿಯ ಗಂಡಸರು ಗೋಣಿತಟ್ಟನ್ನು ಅದರ ಹೊಟ್ಟೆಯ ಕೆಳಗೆ ಹಾಯಿಸಿ ಎರಡೂ ಕಡೆಯಿಂದ ಎತ್ತಿ ಹಿಡಿದರು, ಮುಮತಾಜಬಿ ಬಾಯಿಗೆ ಬೆಲ್ಲದ ನೀರು ಬಿಟ್ಟಳು, ಅದು ನಡುಗುತ್ತ ನಿಂತಿತು. ಅಷ್ಟು ಹೊತ್ತಿಗೆ ಹಾಸು ಒಣಗಿತ್ತು. ವೀರವ್ವ ಅದನ್ನು ಸುತ್ತಿಕೊಂಡು ದಾರಿ ಬಿಟ್ಟಳು, ಎತ್ತುಗಳು ತಾವೇ ಗಟ್ಟಿ ಮಾಡಿದ ರಸ್ತೆಯ ಮೇಲೆ ಮೆಲ್ಲಗೆ ಮನೆಗೆ ನಡೆದವು.

ಆದ್ದರಿಂದ, ಮಾನ್ಯರೇ, ಈಗ ಸಾಕ್ಷಿಯ ಮಾಲನ್ನು ಕದ್ದಳೆಂದು ಮುಮತಾಜಬಿಯ ಮೇಲೆ ಎರಡನೆಯ ಫಿರ್ಯಾದಿ ಬರುವ ಮಾತು ಕೇಳುತ್ತಿದ್ದೇವೆ. ಈ ಎರಡೂ ಖಟ್ಲೆಗಳಲ್ಲಿ ನಡೆದದ್ದೆಲ್ಲ ತಮ್ಮ ಅಪ್ಪಣೆಯಿಂದಲೇ ನಡೆದಿರುವುದರಿಂದ, ರೋಣದಲ್ಲಿ ವಿಚಾರಣೆಯಾಗುವ ದಿನ ತಾವು ಖುದ್ದಾಗಿ ಬಂದು ಕಟಕಟೆಯಲ್ಲಿ ಗೌಸುಸಾಬನ ಜಾಗದಲ್ಲಿ ನಿಲ್ಲಬೇಕೆಂದು ಪ್ರಾರ್ಥನೆ. ಬರುವಾಗ ಕೆಂಪು ಮಸಿಯ ಅವತಾರದಲ್ಲಿಯೇ ಬಂದರೆ ಗುರುತು ಹಿಡಿಯಲು ಸುಲಭ. ತಪ್ಪಾಯಿತೆಂದು ತೀರ್ಮಾನವಾದರೆ ಕೊಂಡವಾಡದ ಆ ಎರಡು ಗೂಟಗಳು ಖಾಲಿಯೇ ಇವೆ, ತಮಗೆ ಮೇವಿನ ಮಂಜೂರಾತಿಯನ್ನು ನಾವೇ ಮೇಲಕ್ಕೆ ಬರೆದು ಕೇಳುತ್ತೇವೆ. ಇದಾವುದೂ ಸಾಧ್ಯವಾಗದಿದ್ದರೆ, ಕಚೇರಿಗಳಿಂದ ಒಂದು ವರ್ಷದ ರಜೆ ತೆಗೆದುಕೊಂಡು ತಾವು ಹುಟ್ಟಿದೂರಿಗೆ ಹೋಗಿಬರಬೇಕು. ತಾವಿಲ್ಲದ ಆ ಒಂದು ವರ್ಷ ನಮ್ಮ ಸಾಹೇಬರು ಅರ್ಜಿಯ ಮೇಲೆ ಏನು ಬರೆಯುತ್ತಾರೆಂದು ನೋಡುವ ಆಸೆ ನಮಗೆ ಬಹಳ ಇದೆ.

ನಗುತ್ತ ಬರೆಯಬೇಕೆಂದು ಕುಳಿತೆ, ಆದರೂ ಒಂದು ಮಾತನ್ನು ನಗದೆ ಹೇಳುತ್ತೇನೆ. ಆ ಸಾಹೇಬರ ಕಣ್ಣೀರು ಖರೆಯೇ ಇತ್ತು. ತಾವು ಅವರ ಬಾಯಲ್ಲಿ ಇಲ್ಲದಿದ್ದರೆ ಅವರು ಆ ಹಗ್ಗವನ್ನು ಕೈಯಾರೆ ಬಿಚ್ಚುತ್ತಿದ್ದರು. ತಮ್ಮ ಮೇಲೆ ನನಗಿರುವ ಸಿಟ್ಟು ಅದೊಂದೇ, ಮತ್ತು ಅದು ಸಣ್ಣದಲ್ಲ.

ತಮ್ಮನ್ನು ಒಮ್ಮೆ ನಂಬಿ ಕೆಟ್ಟಮೇಲೂ,
ತಮ್ಮ ವಿಶ್ವಾಸಿ,
ಹನಮಂತಪ್ಪ
ಹಾಸಿನ ಓಣಿ, ಗಜೇಂದ್ರಗಡ

ತಾ.ಕ.: ಈ ಪತ್ರ ಮುಗಿಸುವಷ್ಟರಲ್ಲಿ ಫಕ್ಕೀರಪ್ಪ ಬಂದಿದ್ದ. ಕೊಂಡವಾಡದ ಎತ್ತುಗಳು ಹೊರಟುಹೋದವು, ಏನು ಮಾಡಲಿ ಎಂದು ಅವನು ಮೇಲಕ್ಕೆ ಬರೆದು ಕೇಳಿದ್ದನಂತೆ, ಮೇಲಿನಿಂದ ಎಂದಿನಂತೆ ತಾವು ಬಂದಿದ್ದಿರಿ. ಉತ್ತರ ಏನು ಬರೆಯಲೆಂದು ನನ್ನನ್ನು ಕೇಳಿದ. ನನಗೆ ಬರುವಷ್ಟು ಇಂಗ್ಲಿಷಿನಲ್ಲಿ, ‘ನೀಡ್‌ಫುಲ್ ಮಾಡಿ ಮುಗಿಸಲಾಗಿದೆ’ ಎಂದು ಬರೆದುಕೊಟ್ಟೆ. ಕಾಗದ ಮುಟ್ಟಿಸಿ ಬಂದ ಅವನು ಹೇಳುವುದೇನೆಂದರೆ, ಅದನ್ನು ಯಾವ ಫಾಯಿಲಿಗೆ ಹಚ್ಚಬೇಕೆಂದು ಇಡೀ ಕಚೇರಿಗೆ ತಿಳಿಯದೆ ಗದ್ದಲವಾಗಿದೆಯಂತೆ. ನಿಜವಾಗಿ ಮಾಡಿ ಮುಗಿಸಿದ ಕೆಲಸಗಳಿಗೆಂದು ಅವರು ಇದುವರೆಗೆ ಒಂದು ಫಾಯಿಲನ್ನೇ ಹೊಲಿಸಿರಲಿಲ್ಲ.